ಗುಟುಕು ಗುಟುಕಾಗಿ ಜಾಂಬೋಟಿ

ಬೆಳಗಾವಿಯನ್ನು ಬಿಟ್ಟು ಪೀರನವಾಡಿಯನ್ನು ದಾಟಿದ ಬಳಿಕ ಚೋರ್ಲಾ ಘಟ್ಟದ ದಾರಿ ಮೆಲ್ಲಮೆಲ್ಲನೆ ತನ್ನ ಸ್ವಭಾವವನ್ನು ಬದಲಿಸತೊಡಗುತ್ತದೆ. ಬಯಲು ಹಿಂದೆ ಸರಿದು ದಿಬ್ಬಗಳು ಹತ್ತಿರವಾಗುತ್ತವೆ. ಕುಸಮಳ್ಳಿಯಲ್ಲಿ ಮಲಪ್ರಭೆಯ ಸೇತುವೆಯನ್ನು ದಾಟುವ ಹೊತ್ತಿಗೆ ಗಾಳಿಯಲ್ಲಿ ಹಸಿಮಣ್ಣಿನ ಕಂಪು ಬೆರೆತಿರುತ್ತದೆ. ಅಲ್ಲಿಂದ ಮುಂದೆ, ಖಾನಾಪುರ ತಾಲೂಕಿನ ಕಾಡಿನ ಬಾಗಿಲೆಂಬಂತೆ, ಜಾಂಬೋಟಿ.

ಊರು ಚಿಕ್ಕದು, ಅದರ ನೆರೆಹೊರೆ ದೊಡ್ಡದು. ಪಶ್ಚಿಮಕ್ಕೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ, ಪೂರ್ವಕ್ಕೆ ಹರಿದು, ಪಟ್ಟದಕಲ್ಲು ಐಹೊಳೆಗಳನ್ನು ಕಂಡು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಬೆಟ್ಟಸಾಲಿನ ಭೀಮಗಡದ ಅರಣ್ಯದಿಂದ ಇಳಿಯುವ ಮಹದಾಯಿ ಗೋವೆಯತ್ತ ತಿರುಗಿ ಪಡುಗಡಲನ್ನು ಸೇರುತ್ತದೆ. ಒಂದೇ ಮಳೆಯ ಎರಡು ಹನಿಗಳು ಎರಡು ಸಮುದ್ರಗಳ ಪಾಲಾಗುವ ನೆಲವಿದು. ಆ ಮಳೆಯಾದರೂ ಎಂಥದು! ಇದೇ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರನ್ನು ಮೀರಿದ ಮಳೆ ದಾಖಲಾಗಿತ್ತು.

ಇಂಥ ಊರಿಗೆ, ಮಳೆ ಹಿಂದೆಗೆದ ಮೇಲೆ, ನವೆಂಬರದ ಒಂದು ಬೆಳಿಗ್ಗೆ ಬೆಳಗಾವಿಯಿಂದ ಒಬ್ಬ ಗೃಹಸ್ಥನು ಹೆಂಡತಿಯೊಡನೆ ಬಂದಿಳಿದನೆಂದು ಊಹಿಸಿರಿ. ವಯಸ್ಸು ನಾಲ್ವತ್ತೈದರ ಆಸುಪಾಸು. ಅಂಗಿ ಅವನದೇ ಆದರೂ ಇನ್ನೊಬ್ಬರದೆಂಬಂತೆ ಜೋಲುತ್ತಿದೆ. ಕೈಯಲ್ಲಿ ನೀರಿನ ಬಾಟಲಿ. ನಾಲ್ಕು ಹೆಜ್ಜೆಗೊಮ್ಮೆ ಅದರಿಂದ ಒಂದು ಗುಟುಕು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ಅವನಿಗೆ ಇದು ಎಂಟನೆಯ ವಾರ.

ಈ ಚಿಕಿತ್ಸೆಯ ಹೆಸರು ನಮ್ಮ ನಗರಗಳಲ್ಲಿ ಈಚೆಗಷ್ಟೇ ಬಳಕೆಗೆ ಬಂದಿದ್ದರೂ ಅದರ ಚರಿತ್ರೆ ತೀರ ಹೊಸದಲ್ಲ. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ವೈದ್ಯರು ಕರುಳಿನ ದಾರಿಯನ್ನು ಮೊಟಕುಗೊಳಿಸುವ ವಿಧಾನವನ್ನು ಪ್ರಕಟಿಸಿದರು. 1960ರ ದಶಕದಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರದ ಬೈಪಾಸನ್ನು ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವ ‘ಸ್ಲೀವ್’ ವಿಧಾನದಲ್ಲಿ ಜಠರದ ನಾಲ್ಕರಲ್ಲಿ ಮೂರು ಪಾಲಿಗೂ ಮಿಗಿಲಾದ ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯಂಥ ಸಣ್ಣ ಕೊಳವೆಯಾಗಿ ಹೊಲಿಯುತ್ತಾರೆ. ಒಂದು ಲೀಟರನ್ನು ಸಲೀಸಾಗಿ ಹಿಡಿಯುತ್ತಿದ್ದ ಚೀಲವು ಒಂದು ಲೋಟದಷ್ಟೂ ಹಿಡಿಯದಾಗುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು 1999ರಲ್ಲಿ. ಅದು ಬಹುಪಾಲು ಹುಟ್ಟುವುದು ಕತ್ತರಿಸಿ ತೆಗೆಯುವ ಆ ಭಾಗದಲ್ಲಿಯೇ. ಆದುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ಮರೆತುಹೋದಂತಾಗುತ್ತದೆ.

ಹಸಿವು ಹೋಯಿತು ಸರಿ, ಚಪಲ ಹೋಗಬೇಕಲ್ಲ! ಕನ್ನಡವು ಇವೆರಡಕ್ಕೂ ಬೇರೆ ಬೇರೆ ಮಾತುಗಳನ್ನಿಟ್ಟಿರುವುದು ಬಹಳ ವಿವೇಕದ ಕೆಲಸ. ಶಸ್ತ್ರವೈದ್ಯನ ಕತ್ತರಿ ಹೊಟ್ಟೆಯವರೆಗೆ ಹೋಗಬಲ್ಲುದು, ನಾಲಿಗೆಯವರೆಗೆ ಬರಲಾರದು. ಕುಂದಾದ ಊರಿನವನಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆಯ ಪೇಟೆಯಲ್ಲಿ ಮಿಠಾಯಿಯಂಗಡಿಯ ಮುಂದೆ ಹಾದುಹೋಗುವಾಗ, ಹೊಟ್ಟೆ ಮಾತಾಡದಿದ್ದರೂ ಕಣ್ಣು ಮಾತಾಡುತ್ತದೆ. ಆಸೆಪಟ್ಟು ತಿಂದರೆ, ಬೈಪಾಸಾದವರಲ್ಲಿ ಹೆಚ್ಚಾಗಿ, ಸ್ಲೀವ್ ಆದವರಲ್ಲಿ ಕೆಲವೊಮ್ಮೆ, ಸಕ್ಕರೆ ಸರ್ರನೆ ಕರುಳಿಗಿಳಿದು ಎದೆ ಬಡಿದುಕೊಳ್ಳುತ್ತದೆ, ಮೈ ಬೆವರುತ್ತದೆ, ತಲೆ ಸುತ್ತುತ್ತದೆ. ಅನೇಕರಿಗೆ ಈ ವಾರಗಳಲ್ಲಿ ಒಂದು ಬಗೆಯ ದುಃಖವೇ ಆವರಿಸುತ್ತದೆ. ನಲಿವಿನಲ್ಲೂ ನೋವಿನಲ್ಲೂ ಜೊತೆಗಿದ್ದ ಹಳೆಯ ಗೆಳೆಯನೊಬ್ಬ ಊರು ಬಿಟ್ಟು ಹೋದಂತೆ. ಮನೆಯವರು ಇದನ್ನು ಕಂಡು “ತೂಕ ಇಳಿಯುತ್ತಿದೆಯಲ್ಲ, ಇನ್ನೇನು ಚಿಂತೆ?” ಎನ್ನುತ್ತಾರೆ, ಆ ಮಾತಿನಿಂದ ದುಃಖ ಒಂದು ತೂಕ ಹೆಚ್ಚೇ ಆಗುತ್ತದೆ.

ಬೆಟ್ಟದ ಗಾಳಿ ಒಳ್ಳೆಯದೆಂದು ಮೊದಲ ವಾರದಲ್ಲಿಯೇ ರೋಗಿಯನ್ನು ಇತ್ತ ಕರೆತರುವ ಬಂಧುಗಳುಂಟು. ಅದು ಪ್ರೀತಿಯಿರಬಹುದು, ಜಾಣತನವಲ್ಲ. ಹೊಲಿಗೆಯ ಸಾಲಿನಲ್ಲಿ ಸೋರಿಕೆಯಾಗುವ, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ಅಪಾಯವು ವಿರಳವಾದರೂ, ಬಂದರೆ ಈ ಆರಂಭದ ವಾರಗಳಲ್ಲಿಯೇ ಹೆಚ್ಚಾಗಿ ಬರುತ್ತದೆ. ಜ್ವರ, ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ 120ನ್ನು ದಾಟುವ ನಾಡಿ, ಹೆಚ್ಚುತ್ತ ಹೋಗುವ ಹೊಟ್ಟೆನೋವು, ಏದುಸಿರು, ಮೀನಖಂಡದ ಬಾವು—ಇವುಗಳಲ್ಲಿ ಒಂದು ಕಂಡರೂ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಯನ್ನು ಮುಟ್ಟಬೇಕು. ಮೊಬೈಲಿನ ಸಂಕೇತವು ಮರದ ಮರೆಯಲ್ಲಿ ಅಡಗಿಬಿಡುವ, ಮಳೆಗಾಲದಲ್ಲಿ ಕೊಂಬೆ ಮುರಿದು ದಾರಿ ಕಟ್ಟುವ ಕಾಡಿನ ನಡುವೆ ಅಂಥ ಗಂಟೆಗಳನ್ನು ಕಳೆಯುವುದು ಬೇಡ. ವೈದ್ಯರು ಒಪ್ಪಿದ ಮೇಲೆ, ಹಗಲು ಬಂದು ಹಗಲೇ ಮರಳುವಂತೆ ಬಂದರೆ ಜಾಂಬೋಟಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಮ್ಮ ಗೃಹಸ್ಥನು ನಡೆಯತೊಡಗಿದ್ದಾನೆ. ಶಸ್ತ್ರಚಿಕಿತ್ಸೆಯಾದ ದಿನದ ಸಂಜೆಯೇ ಅವನನ್ನು ಹಾಸಿಗೆಯಿಂದ ಎಬ್ಬಿಸಿ ವಾರ್ಡಿನಲ್ಲಿ ಹತ್ತು ಹೆಜ್ಜೆ ಹಾಕಿಸಿದ್ದರು. ಹತ್ತು ಹೆಜ್ಜೆ ಇಂದು ಎರಡು ಸಾವಿರವಾಗಿದೆ. ಹಬ್ಬನಹಟ್ಟಿಯ ಮಾರುತಿಯನ್ನು ನೋಡಬೇಕೆಂಬುದು ಹೆಂಡತಿಯ ಹರಕೆ. ಮಲಪ್ರಭೆಯ ಮಗ್ಗುಲಲ್ಲಿರುವ ಈ ಗುಡಿಯನ್ನು ಮುಂಗಾರಿನ ಪ್ರವಾಹ ಎಷ್ಟೋ ವರ್ಷ ಮುಳುಗಿಸಿಬಿಡುತ್ತದೆ. ನೀರು ಇಳಿದ ಮೇಲೆ ದೇವರು ಮತ್ತೆ ದರ್ಶನ ಕೊಡುತ್ತಾನೆ. ಮೆಟ್ಟಿಲಿಳಿಯುವಾಗ ಅವನು ಎರಡು ಬಾರಿ ಕುಳಿತುಕೊಳ್ಳುತ್ತಾನೆ. ಹಿಂದೆ ಮೈಭಾರಕ್ಕೆ ಕುಳಿತುಕೊಳ್ಳುತ್ತಿದ್ದನು, ಈಗ ನಿಶ್ಶಕ್ತಿಗೆ. ಕಾಯಿ, ಹೂವುಗಳ ಚೀಲವನ್ನು ಹೆಂಡತಿಯೇ ಹಿಡಿದಿದ್ದಾಳೆ. ಭಾರ ಎತ್ತುವ ಕೆಲಸಕ್ಕೆ ಇನ್ನೂ ಅವನಿಗೆ ಅಪ್ಪಣೆಯಿಲ್ಲ. ವಜ್ರಪೋಹ ಜಲಪಾತದ ಹಾದಿಯ ಮಾತನ್ನು ಆರೋಗ್ಯವಂತರಿಗೆ ಬಿಡುವುದು ಲೇಸು. ಅಭಯಾರಣ್ಯದ ದಾರಿಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು, ಗಟ್ಟಿ ಮೊಣಕಾಲುಗಳೂ ಬೇಕು.

ನೀರಿನದು ಬೇರೆಯೇ ಒಂದು ವ್ರತ. ದಿನಕ್ಕೆ ಒಂದೂವರೆ ಲೀಟರಾದರೂ ಒಳಗೆ ಹೋಗಬೇಕು. ಆದರೆ ಗಟಗಟನೆ ಕುಡಿಯುವಂತಿಲ್ಲ. ಊಟಕ್ಕೆ ಮುಂಚೆ ಅರ್ಧ ಗಂಟೆ, ಊಟವಾದ ಮೇಲೆ ಅರ್ಧ ಗಂಟೆ ನೀರು ನಿಷಿದ್ಧ. ಉಳಿದ ಹೊತ್ತೆಲ್ಲ ಗುಟುಕರಿಸುತ್ತಲೇ ಇರಬೇಕು. ಆರಂಭದ ದಿನಗಳಲ್ಲಿ ಎಷ್ಟೋ ಜನ ಮರಳಿ ಆಸ್ಪತ್ರೆ ಸೇರುವುದು ನೀರು ಸಾಲದೆ. ಜಗತ್ತಿನ ಮಳೆಯೆಲ್ಲ ಸುರಿಯುವ ನಾಡಿನಲ್ಲಿ ಒಬ್ಬನು ಗುಟುಕು ಎಣಿಸುತ್ತ ನಿಲ್ಲುವುದು ವಿನೋದವೇ ಸರಿ.

ನಿಜವಾದ ಪರೀಕ್ಷೆ ಮಧ್ಯಾಹ್ನಕ್ಕೆ. ಹೆಂಡತಿಯ ಕಡೆಯ ಹಿರಿಯರೊಬ್ಬರ ಮನೆ ಊರಿನಲ್ಲಿದೆ. ಮನೆಮಾತು ಮರಾಠಿ, ನೆರೆಯ ಮಾತು ಕನ್ನಡ; ಎರಡೂ ಒಂದೇ ಒಲೆಯಲ್ಲಿ ಬೇಯುವ ಗಡಿನಾಡು. ನೆಂಟ ಬಂದನೆಂದರೆ ಅನ್ನದ ರಾಶಿ, ಭಾಕರಿ, ಬೇಳೆಯ ಆಮಟಿ, ಉಸಳಿ, ಮೇಲೆ ಸಿಹಿ. ಮೊದಲ ವಾರಗಳ ತಿಳಿನೀರು, ಗಂಜಿ, ರುಬ್ಬಿದ ಬೇಳೆಗಳನ್ನು ದಾಟಿ ಅವನು ಈಗ ಮೆತ್ತನೆಯ ಅನ್ನಾಹಾರಕ್ಕೆ ಬಂದಿದ್ದಾನೆ. ದಿನಕ್ಕೆ ಸುಮಾರು 60 ಗ್ರಾಮಿನಷ್ಟು ಪ್ರೋಟೀನು ಸೇರಲೇಬೇಕಾದುದರಿಂದ ಮೊದಲು ಕೈ ಹಾಕುವುದು ಬೇಳೆಗೆ, ಮೊಸರಿಗೆ. ಒಂದೊಂದು ತುತ್ತನ್ನೂ ನುಣ್ಣಗೆ ಅಗಿದು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎದೆಯ ಕೆಳಗೆ ಒತ್ತಿದಂತಾಗುತ್ತದೆ. ಅದು ‘ಸಾಕು’ ಎಂಬ ಗಂಟೆ. ಅದನ್ನು ಮೀರಿ ಒಂದು ತುತ್ತು ಹೋದರೂ ವಾಂತಿ. ವಾಂತಿ ದಿನಗಟ್ಟಲೆ ಬಿಡದಿದ್ದರೆ ಬಿ-1 ಜೀವಸತ್ವವು ಬತ್ತಿ ನರಗಳೇ ಕೆಡಬಹುದು. ಅಂಥ ವಾಂತಿಯನ್ನು ಜೀರಿಗೆ ಕಷಾಯಕ್ಕೆ ಬಿಡದೆ ವೈದ್ಯರಿಗೆ ತೋರಿಸಬೇಕು.

“ಇದೇನ್ರಿ ಅಣ್ಣಾರ, ಗುಬ್ಬಿ ಉಂಡಂಗ ಉಂಡ್ರಿ? ನಮ್ಮ ಮನಿ ಅಡಗಿ ಸೇರಲಿಲ್ಲೇನು?” ಎಂದು ಮನೆಯೊಡತಿಯ ಮುಖ ಸಣ್ಣಗಾಗುತ್ತದೆ. ಮುಂದಿನ ಪ್ರಶ್ನೆ ಇನ್ನೂ ಕಠಿಣ: “ಎಷ್ಟ ಸೊರಗೀರಿ! ಏನ ಜಡ್ಡ ಬಂದಿತ್ತು?” ದಪ್ಪವಾಗಿದ್ದಾಗ ಯಾರೂ ಕೇಳಿರಲಿಲ್ಲ, ನಮ್ಮಲ್ಲಿ ಅದು ಸುಖದ ಗುರುತು. ಸೊರಗುವುದು ರೋಗದ್ದೋ ಸಾಲದ್ದೋ ಗುರುತು. ಅದಕ್ಕೆಂದೇ ಎಷ್ಟೋ ಜನ ಇದನ್ನು ಪಿತ್ತಕೋಶದ ಆಪರೇಷನ್ ಎಂದು ಹೇಳಿ ಪಾರಾಗುತ್ತಾರೆ. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ ಜೇಟ್ಲಿಯವರು 2014ರಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆದರೂ ಸಾಮಾನ್ಯ ಗೃಹಸ್ಥನಿಗೆ ನಾಚಿಕೆ ಬಿಡದು. ತಿನ್ನುವುದನ್ನು ತಡೆಯಲಾರದೆ ಹೊಟ್ಟೆ ಕೊಯ್ಸಿಕೊಂಡನೆಂದು ನಾಲ್ಕು ಜನ ನಕ್ಕಾರೆಂಬ ಅಂಜಿಕೆ. ಸಕ್ಕರೆರೋಗ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವುದು—ಇವುಗಳಿಂದ ಪಾರಾಗಲು ಅವನು ಪಟ್ಟ ವರ್ಷಗಳ ಪಾಡನ್ನು ಆ ನಾಲ್ಕು ಜನ ಕಂಡಿರುವುದಿಲ್ಲ.

‘ಡಯೆಟ್’ ಎಂದರೆ ಆ ಹಿರಿಯಳು ನಕ್ಕು ಇನ್ನೊಂದು ಸೌಟು ಬಡಿಸುತ್ತಿದ್ದಳು. ಹೆಂಡತಿ ಜಾಣೆ. “ಅವರಿಗೆ ಪಥ್ಯ ಐತಿ, ಮಾವಶಿ” ಎನ್ನುತ್ತಾಳೆ.

ಕೂಡಲೇ ಸೌಟು ಹಿಂದೆ ಸರಿಯುತ್ತದೆ. ಪಥ್ಯವು ಕನ್ನಡಕ್ಕೂ ಸಲ್ಲುವ ಮಾತು, ಮರಾಠಿಗೂ ಸಲ್ಲುವ ಮಾತು. ಕಾಮಾಲೆಯಾದವನಿಗೆ ಪಥ್ಯ, ಬಾಣಂತಿಗೆ ಪಥ್ಯ. ಪಥ್ಯದವನು ಬೇಡವೆಂದರೆ ಅದು ಅಡಿಗೆಗೆ ಅವಮಾನವಲ್ಲ. “ಹಂಗಂದ್ರ ಬಾಣಂತಿ ಇದ್ದಂಗಪಾ! ಮೊದಲ ಹೇಳಬಾರದಾ?” ಎಂದು ಮಾವಶಿ ಒಳಗೆ ಹೋಗಿ, ರಾಗಿಯ ತೆಳು ಅಂಬಲಿಗೆ ಮಜ್ಜಿಗೆ ಬೆರೆಸಿ ಸಣ್ಣ ಬಟ್ಟಲಿನಲ್ಲಿ ತರುತ್ತಾಳೆ, ಈಗ ಬೇಡ, ಗಂಟೆ ಬಿಟ್ಟು ಕುಡಿಯಲೆಂದು ಮುಚ್ಚಿಡುತ್ತಾಳೆ. ಆಕೆಯ ಹೋಲಿಕೆ ತಪ್ಪಲ್ಲ. ಬಾಣಂತಿಯಿಂದ ಯಾರೂ ಎರಡು ತಿಂಗಳಿಗೆ ಹಳೆಯ ಶಕ್ತಿಯನ್ನು ಕೇಳುವುದಿಲ್ಲ; ಅವಳು ಅತ್ತರೂ ಕಾರಣ ಕೇಳುವುದಿಲ್ಲ. ಮೂರನೆಯ ತಿಂಗಳಿಗೆ ಕೂದಲು ಉದುರುವುದು, ಮೈಗೆ ಚಳಿ ಹೆಚ್ಚುವುದು ಇಬ್ಬರಿಗೂ ಉಂಟು. ಒಂದೇ ವ್ಯತ್ಯಾಸ: ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಹಳೆಯ ರೂಢಿ ಅವಳಿಗೂ ಸಲ್ಲದು, ಇವನಿಗಂತೂ ಸರ್ವಥಾ ಸಲ್ಲದು.

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆ ಈ ಮನುಷ್ಯನ ಮುಂದೆ ಸೋತುಹೋಗುತ್ತದೆ. ಇವನು ಆರು ಹೊತ್ತು ಉಣ್ಣಬೇಕು. ಆರೂ ಸೇರಿ ಹಿಂದಿನ ಒಂದು ಹೊತ್ತಿಗೆ ಸಾಲವು. ಜೊತೆಗೆ ಕಬ್ಬಿಣ, ಸುಣ್ಣ, ಬಿ-12, ಡಿ ಜೀವಸತ್ವಗಳ ಗುಳಿಗೆ. ಇವು ನಾಲ್ಕು ತಿಂಗಳದಲ್ಲ, ಬದುಕಿರುವವರೆಗಿನ ನಂಟು. ಸಕ್ಕರೆರೋಗದ ಔಷಧದ ಪ್ರಮಾಣ ಮಾತ್ರ ಬೇಗನೆ ಇಳಿಯುತ್ತದೆ. ಹಳೆಯ ಚೀಟಿಯಂತೆ ನುಂಗುತ್ತ ಹೋದರೆ ರಕ್ತದ ಸಕ್ಕರೆ ಕುಸಿದು ಬೀಳುವ ಭಯ.

ಬಸ್ಸಿಗೆ ಕಾಯುವಾಗ ಗೋವೆಯತ್ತ ಹೋಗುವ ಮೋಟಾರುಗಳು ಒಂದರ ಹಿಂದೊಂದು ಏರು ಹತ್ತುತ್ತವೆ. ಆ ದಾರಿಯ ಕೊನೆಯಲ್ಲಿರುವ ಫೇಣಿಯೂ ಈಗ ಅವನಿಗೆ ಬೇರೆಯ ಪದಾರ್ಥ. ಕಿರಿದಾದ ಜಠರದಿಂದ ಮದ್ಯವು ಬೇಗನೆ ರಕ್ತಕ್ಕೇರುತ್ತದೆ, ತಡವಾಗಿ ಇಳಿಯುತ್ತದೆ. ಊಟದ ಆಸೆಯ ಜಾಗದಲ್ಲಿ ಕುಡಿತ ಬಂದು ಕುಳಿತವರೂ ಉಂಟು. ಹೆಂಡತಿ ಗೋವೆಯ ದಿಕ್ಕಿಗೆ ಬೆನ್ನು ಮಾಡಿ ನಿಂತಿದ್ದಾಳೆ.

ಅವರು ಖಾನಾಪುರದ ಮೇಲಿಂದ ಮರಳುತ್ತಾರೆ. ಅಲ್ಲಿಯ ಜೇಡಿಮಣ್ಣಿಗೆ, ಕುಂಬಾರಿಕೆಗೆ ಹಿಂದಿನಿಂದಲೂ ಹೆಸರು. ಅಂಗೈಯಲ್ಲಿ ಅಡಗುವಂಥ ಎರಡು ಮಣ್ಣಿನ ಬಟ್ಟಲುಗಳನ್ನು ಅವಳು ಆರಿಸಿಕೊಳ್ಳುತ್ತಾಳೆ. ದೊಡ್ಡ ತಟ್ಟೆಯಲ್ಲಿ ನಾಲ್ಕು ತುತ್ತು ನೋಡಿದರೆ ಅವನ ಮನಸ್ಸಿಗೆ ಕಸಿವಿಸಿಯಾಗುತ್ತದೆಯಲ್ಲ! “ಎರಡ್ಯಾಕ?” ಎಂದು ಅವನು ಕೇಳುತ್ತಾನೆ. “ಒಂದ ನನಗರಿ. ನಿಮ್ಮ ಮುಂದ ಕುಂತು ದೊಡ್ಡ ತಾಟಿನ್ಯಾಗ ಉಣ್ಣಾಕ ನನಗೂ ಆಗೂದಿಲ್ಲ” ಎಂದು ಅವಳು ಬಟ್ಟಲುಗಳನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕುತ್ತಾಳೆ. ಬಾಟಲಿಯಲ್ಲಿ ಇನ್ನೂ ಕಾಲು ಭಾಗ ನೀರಿದೆ. ಬಸ್ಸು ಬರುವಷ್ಟರಲ್ಲಿ ಅವನು ಮತ್ತೊಂದು ಗುಟುಕು ಕುಡಿಯುತ್ತಾನೆ.