ಲಕೋಟೆಯೊಳಗಣ ಲಕೋಟೆ

ನಾನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೂ ವೇದಾಂತಪರಿಭಾಷೆಯನ್ನೂ ಓದಿ, ಆಮೇಲೆ ಮೂವತ್ತಕ್ಕೆ ಮೇಲ್ಪಟ್ಟ ವರ್ಷಗಳನ್ನು ಹಳ್ಳಿಯ ಪ್ರೌಢಶಾಲೆಯಲ್ಲಿ ಭಾಷೆಯ ಪಾಠ ಹೇಳುತ್ತ ಕಳೆದು ನಿವೃತ್ತನಾದವನು. ಅಂಥವನು ಗಣಕಯಂತ್ರಗಳ ಜಾಲವನ್ನು ಕುರಿತು ಬರೆಯಹೊರಟುದೇಕೆಂದು ವಾಚಕರಿಗೆ ಆಶ್ಚರ್ಯವಾದೀತು. ಕಾರಣವನ್ನು ಕೊನೆಯಲ್ಲಿ ಅರಿಕೆಮಾಡುವೆನು.

ಕಳೆದ ಮಾಘಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಗೃಹಪ್ರವೇಶಕ್ಕೆ ಕರೆಯಲೆಂದು ಬಂದು, ಆ ರಾತ್ರಿ ನಮ್ಮಲ್ಲಿಯೇ ತಂಗಿದನು. ಅವನು ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ಜಾಲದ ಮೇಲ್ವಿಚಾರಕನು. ಊಟವಾಗಿ ಎಲೆಯಡಿಕೆಯ ತಟ್ಟೆ ಮುಂದಿರುವಾಗಲೇ ಅವನಿಗೆ ಫೋನು ಬಂದಿತು. ಎರಡು ಯಂತ್ರಗಳ ನಡುವೆ ಸಣ್ಣ ಸಂದೇಶಗಳು ಸರಾಗವಾಗಿ ಹೋಗುತ್ತವೆ. ದೊಡ್ಡ ಕಡತಗಳು ಮಾತ್ರ ಕೆಲವೊಮ್ಮೆ ನಡುದಾರಿಯಲ್ಲಿ ಮಾಯವಾಗುತ್ತವೆ ಎಂಬುದು ದೂರು. ಅವನು ಜಗಲಿಯಲ್ಲಿ ಲ್ಯಾಪ್‌ಟಾಪನ್ನು ತೆರೆದು ಕುಳಿತನು. ನಾನೂ ಪಕ್ಕದಲ್ಲಿ ಕುಳಿತು, ಕೇಳಬಾರದ ಹೊತ್ತಿನಲ್ಲಿ ಪ್ರಶ್ನೆಗಳನ್ನು ಕೇಳುತ್ತ ಹೋದೆನು. ಅವನು ಬೇಸರಿಸಲಿಲ್ಲ.

ಅವನು ತಿಳಿಸಿದುದರ ಸಾರವಿಷ್ಟು. ಜಾಲದಲ್ಲಿ ಸಾಗುವ ಸಂದೇಶವು ಪ್ಯಾಕೆಟ್ಟುಗಳೆಂಬ ತುಂಡುಗಳಾಗಿ ಹೋಗುತ್ತದೆ. ಒಂದೊಂದರ ಮೇಲೂ ಕಳುಹಿಸಿದವನ ಮತ್ತು ಸೇರಬೇಕಾದವನ ವಿಳಾಸವುಂಟು. ಆಯುಷ್ಯವನ್ನು ತಿಳಿಸುವ ಒಂದು ಸಂಖ್ಯೆಯೂ ಉಂಟು. ದಾರಿಯಲ್ಲಿರುವ ಪ್ರತಿಯೊಂದು ಠಾಣ್ಯವೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಸಂಖ್ಯೆ ಸೊನ್ನೆಯಾದರೆ ಪ್ಯಾಕೆಟ್ಟನ್ನು ಅಲ್ಲಿಯೇ ಬಿಸುಟು, ಆ ಠಾಣ್ಯವು ಕಳುಹಿಸಿದವನಿಗೆ ವರ್ತಮಾನ ಕೊಡುತ್ತದೆ. ಅಮೆರಿಕದ ವ್ಯಾನ್ ಜೇಕಬ್‌ಸನ್ ಎಂಬವರು 1987ರಲ್ಲಿ ಇದರಿಂದ ಒಂದು ಯುಕ್ತಿಯನ್ನು ಕಟ್ಟಿದರು. ಒಂದು, ಎರಡು, ಮೂರು ಎಂದು ಆಯುಷ್ಯವನ್ನು ಏರಿಸುತ್ತ ಪ್ಯಾಕೆಟ್ಟುಗಳನ್ನು ಕಳುಹಿಸಿದರೆ ಠಾಣ್ಯಗಳೆಲ್ಲ ವರಸೆಯಾಗಿ ತಮ್ಮ ವಿಳಾಸವನ್ನು ತಾವೇ ಹೇಳುತ್ತವೆ. ಇದಕ್ಕೆ ಟ್ರೇಸ್‌ರೂಟ್ ಎಂದು ಹೆಸರು. ಅಲ್ಪಾಯುಷಿಗಳನ್ನು ಬೇಕೆಂದೇ ಕಳುಹಿಸಿ, ಅವು ಮಡಿದ ಸ್ಥಳದಿಂದ ದಾರಿಯನ್ನು ಅರಿಯುವ ಈ ಉಪಾಯವನ್ನು ಕೇಳಿ ನನಗೆ ಸಂತೋಷವಾಯಿತು.

“ಹಾಗಾದರೆ ಕೆಲಸ ಸುಲಭವಾಯಿತಲ್ಲಪ್ಪ” ಎಂದೆನು.

“ಇಲ್ಲಿ ಅದು ನಡೆಯುವುದಿಲ್ಲ, ಮೇಷ್ಟ್ರೇ” ಎಂದು ಅವನು ಪರದೆಯನ್ನು ನನ್ನತ್ತ ತಿರುಗಿಸಿದನು. ಡೇಟಾ ಸೆಂಟರಿನಲ್ಲಿ ನಿಜವಾದ ಒಂದು ಯಂತ್ರದೊಳಗೆ ಕಲ್ಪಿತಯಂತ್ರಗಳು ಹತ್ತಾರು ಇರುವುವಂತೆ. ಒಬ್ಬೊಬ್ಬ ಗಿರಾಕಿಯ ಯಂತ್ರಗಳೂ ತಾವೆಲ್ಲ ಒಂದೇ ಕೇರಿಯಲ್ಲಿರುವೆವೆಂದು ತಿಳಿದಿರಬೇಕು. ಅದಕ್ಕಾಗಿ ಅವುಗಳ ಪ್ಯಾಕೆಟ್ಟನ್ನು ಇಡಿಯಾಗಿ ಮತ್ತೊಂದು ಪ್ಯಾಕೆಟ್ಟಿನಲ್ಲಿಟ್ಟು, ನಿಜಯಂತ್ರಗಳ ವಿಳಾಸವನ್ನು ಹೊರಗೆ ಬರೆದು ಕಳುಹಿಸುತ್ತಾರೆ. ಇದೇ ಓವರ್‌ಲೇ ಜಾಲ. ಹೀಗೆ ಕಟ್ಟುವ ವಿಧಾನಗಳಲ್ಲೊಂದಾದ ವಿಎಕ್ಸ್‌ಲ್ಯಾನ್ ಎಂಬುದರ ವಿವರಣೆ 2014ರಲ್ಲಿ ಪ್ರಕಟವಾಯಿತು. ಹಿಂದಿನ ಕ್ರಮದಲ್ಲಿ 4,096 ಕೇರಿಗಳಿಗೆ ಮಾತ್ರ ಅಂಕೆಗಳಿದ್ದುವು. ಇದರಲ್ಲಿ 1,67,77,216 ಅಂಕೆಗಳುಂಟು. ನಡುವಣ ಸ್ವಿಚ್ಚುಗಳು ಹೊರಗಿನ ವಿಳಾಸವನ್ನಷ್ಟೇ ನೋಡುತ್ತವೆ. ಒಳಗಿನದರ ಆಯುಷ್ಯವನ್ನು ಅವು ಮುಟ್ಟುವುದಿಲ್ಲ. ಆದುದರಿಂದ ಒಳಗಿನ ಯಂತ್ರವು ದಾರಿಯನ್ನು ಕೇಳಿದರೆ, ಕಟ್ಟಡದ ಆ ತುದಿಯಲ್ಲಿರುವ ಯಂತ್ರವೂ ಪಕ್ಕದ ಮನೆಯದೆಂಬ ಉತ್ತರವೇ ಬರುತ್ತದೆ. ನಡುವೆ ಯಾರೂ ಇಲ್ಲ!

“ಟಪಾಲು ಚೀಲವಿದ್ದ ಹಾಗೆ, ಮೇಷ್ಟ್ರೇ. ಕಾಗದ ಚೀಲದೊಳಗಿರುವಷ್ಟು ಕಾಲ, ದಾರಿಯವರು ಓದುವುದು ಚೀಲದ ಚೀಟಿಯನ್ನೇ ಹೊರತು ಕಾಗದದ ವಿಳಾಸವನ್ನಲ್ಲ.”

ಈ ಮಾತು ನನ್ನನ್ನು ಚುಚ್ಚಿತು. ಆದರೂ ಸುಮ್ಮನಿದ್ದು, “ಹಾಗಾದರೆ ನಡುವೆ ದೋಷವಿಲ್ಲವೆಂದಾಯಿತೇ?” ಎಂದು ಕೇಳಿದೆನು. “ಕಾಣಲಿಲ್ಲ ಎಂದಾಯಿತು, ಅಷ್ಟೇ” ಎಂದನು.

ನಾನು ಪಾಠಶಾಲೆಯಲ್ಲಿ ಕಲಿತು, ಅನೇಕರಿಗೆ ಹೇಳಿಯೂ ಇದ್ದ ವಿಷಯವು ಇದೇ. ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಅದ್ವೈತವೇದಾಂತಿಗಳೂ ಭಾಟ್ಟಮೀಮಾಂಸಕರೂ ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಎಲ್ಲ ಕಾಣದಿರುವಿಕೆಯೂ ಪ್ರಮಾಣವಲ್ಲ. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿದ್ದಿತು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಕಾಣಲು ಯೋಗ್ಯವಾದುದು ಕಾಣದಿರುವುದೇ ಯೋಗ್ಯಾನುಪಲಬ್ಧಿ. ಒಳಗಿನ ಪ್ಯಾಕೆಟ್ಟಿಗೆ ಹೊರಗಿನ ಸ್ವಿಚ್ಚುಗಳು ಕತ್ತಲೆಯ ಗಡಿಗೆಗಳು.

ಶಿಷ್ಯನು ದೀಪ ಹಚ್ಚಿದ ಬಗೆಯನ್ನೂ ಹೇಳಬೇಕು. ಮೊದಲು ಆ ಎರಡು ಕಲ್ಪಿತಯಂತ್ರಗಳು ಯಾವ ಯಾವ ನಿಜಯಂತ್ರದಲ್ಲಿರುವುವೆಂದು ಪಟ್ಟಿಯಿಂದ ತಿಳಿದುಕೊಂಡನು. ಅವುಗಳ ನಡುವೆ ಸಮಾನವಾದ ನಾಲ್ಕು ದಾರಿಗಳಿದ್ದುವು. ಹೀಗೆ ಅನೇಕ ಸಮಾನಮಾರ್ಗಗಳನ್ನಿಡುವ ರಚನೆಯನ್ನು ದೂರವಾಣಿ ವಿನಿಮಯಕ್ಕಾಗಿ ಚಾರ್ಲ್ಸ್ ಕ್ಲೋಸ್ ಎಂಬವರು 1953ರಲ್ಲಿಯೇ ವಿವರಿಸಿದ್ದರಂತೆ. ಯಾವ ಪ್ಯಾಕೆಟ್ಟು ಯಾವ ದಾರಿಯನ್ನು ಹಿಡಿಯಬೇಕೆಂಬುದನ್ನು ಹೊರಲಕೋಟೆಯ ಗುರುತುಗಳಿಂದ ಲೆಕ್ಕಹಾಕುವರು. ಗುರುತು ಬೇರೆಯಾದರೆ ದಾರಿಯೂ ಬೇರೆಯಾಗಬಹುದು. ಹಳೆಯ ಟ್ರೇಸ್‌ರೂಟು ಪ್ರತಿಸಲವೂ ಗುರುತನ್ನು ಬದಲಾಯಿಸುತ್ತಿದ್ದುದರಿಂದ ನಾಲ್ಕು ದಾರಿಗಳ ಠಾಣ್ಯಗಳನ್ನು ಬೆರಸಿ ಇಲ್ಲದ ಐದನೆಯ ದಾರಿಯನ್ನು ತೋರಿಸುವುದೂ ಉಂಟು. ಗುರುತನ್ನು ಬದಲಿಸದೆ ಹುಡುಕುವ ಪ್ಯಾರಿಸ್ ಟ್ರೇಸ್‌ರೂಟ್ ಎಂಬುದನ್ನು ವಿದ್ವಾಂಸರು 2006ರಲ್ಲಿ ಪ್ರಕಟಿಸಿದರು. ಆದುದರಿಂದ ಶಿಷ್ಯನು ನಿಜಯಂತ್ರದಲ್ಲಿ ನಿಂತು, ಕಳೆದುಹೋದ ಪ್ಯಾಕೆಟ್ಟಿನ ಗುರುತುಗಳನ್ನೇ ಹಾಕಿ, ಅದರಷ್ಟೇ ಗಾತ್ರದ ಪ್ಯಾಕೆಟ್ಟುಗಳನ್ನು ಕಳುಹಿಸಿದನು.

ಗಾತ್ರದಲ್ಲಿಯೇ ಗುಟ್ಟಿದ್ದಿತು. ಸಾಧಾರಣ ಪ್ಯಾಕೆಟ್ಟಿನ ಮಿತಿ 1,500 ಬೈಟು. ಹೊರಲಕೋಟೆಯಿಂದ ಇನ್ನು 50 ಬೈಟು ಸೇರುತ್ತದೆ. ನಡುವಣ ಸ್ವಿಚ್ಚುಗಳಿಗೆಲ್ಲ ಹೆಚ್ಚಿನ ಮಿತಿಯನ್ನು ಕೊಟ್ಟಿದ್ದರು. ಹೊಸದಾಗಿ ಕೂಡಿಸಿದ ಒಂದಕ್ಕೆ ಮಾತ್ರ ಮರೆತು 1,500ರಲ್ಲಿಯೇ ಬಿಟ್ಟಿದ್ದರು. ಸಣ್ಣವು ಅದರೊಳಗೆ ನುಸುಳಿ ಹೋಗುತ್ತಿದ್ದುವು. ತುಂಬಿದ ಪ್ಯಾಕೆಟ್ಟು ಬಂದರೆ ಅದು ಸದ್ದಿಲ್ಲದೆ ಎಸೆದುಬಿಡುತ್ತಿದ್ದಿತು. ಮೂರು ದಾರಿಗಳಲ್ಲಿ ಠಾಣ್ಯಗಳೆಲ್ಲ ಉತ್ತರ ಕೊಟ್ಟುವು. ನಾಲ್ಕನೆಯದರಲ್ಲಿ ಆ ಸ್ವಿಚ್ಚಿನಿಂದ ಮುಂದೆ ಮೌನ. ಬೆಳಗಿನ ಜಾವಕ್ಕೆ ಮುಂಚೆಯೇ ಅದನ್ನು ಸರಿಪಡಿಸಿದರು.

ಇನ್ನು ನಾನು ಈ ಲೇಖನವನ್ನು ಬರೆಯಲು ಕಾರಣ. 1994ರಲ್ಲಿ ಈ ಶಿಷ್ಯನು ಒಂಬತ್ತನೆಯ ತರಗತಿಯಲ್ಲಿದ್ದನು. ಏಳು ಮಂದಿ ಹುಡುಗರ ವಿದ್ಯಾರ್ಥಿವೇತನದ ಅರ್ಜಿಗಳನ್ನು ಒಂದು ಲಕೋಟೆಯಲ್ಲಿಟ್ಟು, ಟಪಾಲಿಗೆ ಹಾಕಿ ಬಾರೆಂದು ಅವನ ಕೈಯಲ್ಲಿ ಕೊಟ್ಟೆನು. ರಿಜಿಸ್ಟರು ಮಾಡಿಸದೆ ಹೋದುದು ನನ್ನ ಜಿಪುಣತನ. ಲಕೋಟೆ ಗಡುವಿನೊಳಗೆ ತಲುಪಲಿಲ್ಲ. ಇಲ್ಲಿ ಕೇಳಿದೆನು: ಬಂದುದೆಲ್ಲ ಚೀಲದಲ್ಲಿ ಹೋಯಿತೆಂದರು. ಅಲ್ಲಿ ಕೇಳಿದೆನು: ಬರಲಿಲ್ಲವೆಂದರು. ನಡುವೆ ನನಗೆ ಕಂಡವನು ಈ ಹುಡುಗನೊಬ್ಬನೇ. ದಾರಿಯಲ್ಲಿ ಬೀಳಿಸಿ ಸುಳ್ಳು ಹೇಳುತ್ತಿರುವನೆಂದು ತರಗತಿಯ ಮುಂದೆ ನಿಲ್ಲಿಸಿ ಹೊಡೆದೆನು. “ಕೊಟ್ಟೆ ಸಾರ್” ಎಂದು ಒಂದು ಸಲ ಹೇಳಿದನು, ಮತ್ತೆ ಮಾತಾಡಲಿಲ್ಲ. ಆ ಏಳು ಅರ್ಜಿಗಳಲ್ಲಿ ಅವನದೂ ಒಂದು. ತನ್ನ ಅರ್ಜಿಯನ್ನು ತಾನೇ ಯಾರು ಬಿಸಾಡುವರೆಂಬಷ್ಟು ಯುಕ್ತಿಯೂ ತರ್ಕಸಂಗ್ರಹವನ್ನು ಓದಿದವನಿಗೆ ಹೊಳೆಯಲಿಲ್ಲ. ತಿಂಗಳಾದ ಮೇಲೆ ಲಕೋಟೆಯು ಅವಧಿ ಮೀರಿತೆಂಬ ಷರಾದೊಡನೆ ಹಿಂದಿರುಗಿತು. ಬೇರೆ ಊರಿನ ಚೀಲಕ್ಕೆ ಸೇರಿ ಅದು ಎಲ್ಲೆಲ್ಲಿಯೋ ಅಲೆದಿದ್ದಿತು. ಏಳು ಮಂದಿಗೂ ಆ ವರ್ಷದ ವೇತನ ತಪ್ಪಿತು. “ಲಕೋಟೆ ಸಿಕ್ಕಿತು” ಎಂದಷ್ಟೇ ತರಗತಿಯಲ್ಲಿ ಹೇಳಿ ಪಾಠಕ್ಕೆ ತೊಡಗಿದೆನು.

ಅಂದು ರಾತ್ರಿ ಅವನ ಕೆಲಸ ಮುಗಿದ ಬಳಿಕ ಪೆಟ್ಟಿಗೆಯಿಂದ ಆ ಲಕೋಟೆಯನ್ನು ತೆಗೆದು ಅವನ ಮುಂದಿಟ್ಟು, “ಅಪ್ಪಾ, ಅಂದು ತಪ್ಪು ನನ್ನದು” ಎಂದೆನು. ಅವನು ಅದನ್ನು ದೀಪಕ್ಕೆ ಹಿಡಿದು, ಮುದ್ರೆಗಳನ್ನು ಒಂದೊಂದಾಗಿ ಓದಿ, ದಾರಿಯನ್ನು ಬೆರಳಿನಿಂದ ಎಣಿಸಿದನು. ಆಮೇಲೆ, “ಮೊದಲನೆಯದು ನಮ್ಮೂರ ಮುದ್ರೆ, ಅದೇ ದಿನದ್ದು, ಮೇಷ್ಟ್ರೇ” ಎಂದನು. ಬೇರೇನನ್ನೂ ಹೇಳಲಿಲ್ಲ.

ಅವನ ಮೇಲೆ ತಪ್ಪು ಹೊರಿಸಿದುದು ನಲವತ್ತು ಮಕ್ಕಳ ಎದುರಿನಲ್ಲಿ. ಜಗಲಿಯ ಮೇಲೆ ಇಬ್ಬರೇ ಇದ್ದಾಗ ಒಪ್ಪಿಕೊಂಡರೆ ಅದು ತೀರುವುದಿಲ್ಲ. ಆ ತರಗತಿಯವರಲ್ಲಿ ಕೆಲವರಾದರೂ ಈ ಪತ್ರಿಕೆಯನ್ನು ಓದುವರೆಂದು ಬಲ್ಲೆನು. ಅದಕ್ಕಾಗಿ ಇದನ್ನು ಬರೆದೆನು.