ಮಾರಿಯೋನ ಅಪ್ರದಕ್ಷಿಣೆ

ನಲವತ್ತು ದಾಟಿದ ಗಂಡಸಿಗೆ ಅಭಿಪ್ರಾಯಗಳು ಹೆಚ್ಚುತ್ತವೆ, ಕೇಳುವ ಕಿವಿಗಳು ಕಡಿಮೆಯಾಗುತ್ತವೆ. ನಾನು ರಾಜಕೀಯ ಎತ್ತಿದರೆ ಭಾವಮೈದುನ ಸ್ಕೂಟರಿನ ಕೀ ಹುಡುಕುತ್ತಾನೆ; ಸಂಗೀತ ಎತ್ತಿದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ. ಕೊಬ್ಬರಿ ರೇಟಿನ ಬಗ್ಗೆ ನಾಲ್ಕು ಮಾತಾಡೋಣವೆಂದರೆ ಅರಸೀಕೆರೆಯಲ್ಲಿ ಹುಟ್ಟಿದ ಕೂಸೂ ಆ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲದು. ಹೀಗೆ ಎಲ್ಲ ದಿಕ್ಕಿನಲ್ಲೂ ಬೇಲಿ ಬಿದ್ದ ಮೇಲೆ, ಯಾರೂ ಹಕ್ಕು ಸಾಧಿಸದೆ ಬೀಳು ಬಿಟ್ಟಿದ್ದ ಒಂದು ಜ್ಞಾನಶಾಖೆಯನ್ನು ನಾನು ಒತ್ತುವರಿ ಮಾಡಿಕೊಂಡು ಕೂತಿದ್ದೇನೆ: ಹಳೇ ಟಿವಿ ಗೇಮು. ಬನ್ನಿ, ಜಗಲಿಯ ಮೇಲೆ ಕೂರಿ. ಕಾಫಿ ಆಮೇಲೆ ಬರುತ್ತದೆ; ಮೊದಲು ಅಭಿಪ್ರಾಯ.

ಈ ಪಾಂಡಿತ್ಯ ಮತ್ತೆ ಚಿಗುರಿದ್ದು ಅಕ್ಕನ ಮಗನ ದೆಸೆಯಿಂದ. ಬೆಂಗಳೂರಿನಿಂದ ಬರುವಾಗ ಅಂಗೈಯಗಲದ ಒಂದು ಪೆಟ್ಟಿಗೆ ತಂದ. ಟಿವಿಯ ಬೆನ್ನಿಗೆ ಸಿಕ್ಕಿಸಿದರೆ ನನ್ನ ಬಾಲ್ಯದ ಆಟಗಳೆಲ್ಲ ಸಾಲಾಗಿ ನಿಂತು 'ಬಂದೆಯಾ ರಾಜಾ' ಎನ್ನುತ್ತವೆ. ನಮ್ಮ ಕಾಲದ ಪೆಟ್ಟಿಗೆ ಇಷ್ಟು ವಿನಯದ್ದಲ್ಲ. ಮೂಲದಲ್ಲಿ ಅದು ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಮಾರುಕಟ್ಟೆಗೆ ಬಿಟ್ಟ ಫ್ಯಾಮಿಕಾಮ್ ಎಂಬ ಯಂತ್ರ. ನಮ್ಮೂರಿಗೆ ಬರುವ ಹೊತ್ತಿಗೆ ತೊಂಬತ್ತರ ದಶಕವಾಗಿತ್ತು, ಮೂಲ ಹೋಗಿ ನಕಲಾಗಿತ್ತು, ನಕಲಿಗೂ ಮರಿ ಹುಟ್ಟಿತ್ತು. ಸ್ಟೇಷನ್ ರಸ್ತೆಯ ಕಡೆಯ ನಮ್ಮ ಗೆಳೆಯನೊಬ್ಬನ ಚಿಕ್ಕಪ್ಪ ಮೆಜೆಸ್ಟಿಕ್ಕಿನ ಮಳಿಗೆಯೊಂದರಲ್ಲಿ ಅದನ್ನು ಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದರ ಜೊತೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ '9999999 ಇನ್ 1' ಎಂದು ಬರೆದಿತ್ತು. ಒಂದು ಕೋಟಿಗೆ ಒಂದು ಕಡಿಮೆ! ಎಣಿಸುತ್ತಾ ಹೋದರೆ ಬೆರಳೆಣಿಕೆಯ ಆಟಗಳೇ ವೇಷ ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. ಏಕಮೇವಾದ್ವಿತೀಯವಾದ ಪರಬ್ರಹ್ಮವೇ ಅನೇಕವಾಗಿ ತೋರುತ್ತದೆಂಬ ವೇದಾಂತ ನನಗೆ ಮೊದಲು ಮನದಟ್ಟಾದದ್ದು ಆ ಮೆನುವಿನಲ್ಲೇ.

ಆಟ ಶುರುವಾಗುವುದಕ್ಕೆ ಮುಂಚೆ ಪೂರ್ವಾಂಗ ಕರ್ಮಗಳಿದ್ದವು. ಟಿವಿಯ ತಿರುಪು ತಿರುಗಿಸಿ ಚಾನೆಲ್ ಟ್ಯೂನ್ ಮಾಡಬೇಕು. ಅಡಾಪ್ಟರಿನ ವಯರನ್ನು ಯಾರಾದರೂ ಒಂದು ಕೋನದಲ್ಲಿ ಹಿಡಿದು ನಿಲ್ಲಬೇಕು. ಚಿತ್ರ ಬರದಿದ್ದರೆ ಕ್ಯಾಸೆಟ್ ಕಿತ್ತು ಅದರ ಬಾಯಿಗೆ ಬಾಯಿಟ್ಟು ಊದಬೇಕು. ಹೀಗೆ ಊದುವುದರಿಂದ ಎಂಜಲ ತೇವ ತಗುಲಿ ಒಳಗಿನ ಲೋಹದ ಪಟ್ಟಿ ಹಾಳಾಗುತ್ತದೆಂದು ಆ ಯಂತ್ರ ಮಾಡಿದ ಕಂಪನಿಯೇ ಎಚ್ಚರಿಸಿತ್ತಂತೆ. ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದು. ಇರಲಿ, ಎಷ್ಟೋ ಕರ್ಮಗಳ ಹಣೆಬರಹ ಇದೇ. ಫಲ ಬರುವುದು ಬೇರೆಲ್ಲಿಂದಲೋ, ದಕ್ಷಿಣೆ ಹೋಗುವುದು ಊದಿದವನಿಗೆ. ನಮ್ಮಲ್ಲಿ ಊದುವ ಹಕ್ಕಿಗಾಗಿಯೇ ಒಬ್ಬನಿಗೆ ಒಂದು ಚಾನ್ಸ್ ಹೆಚ್ಚು ಸಿಗುತ್ತಿತ್ತು.

ಇನ್ನು ರಿಮೋಟು. ಎರಡಿದ್ದವು, ಆದರೆ ಸಮಾನವಾಗಿರಲಿಲ್ಲ. ಮೊದಲನೆಯದರಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳಿದ್ದವು, ಎರಡನೆಯದರಲ್ಲಿ ಇರಲಿಲ್ಲ. ಇದು ನಕಲು ಮಾಡಿದವರ ಜಿಪುಣತನವಲ್ಲ, ಜಪಾನಿನ ಮೂಲದಲ್ಲೇ ಹಾಗಿತ್ತು. ಯಂತ್ರದ ಒಡೆಯನ ಮನೆಯ ಹುಡುಗ ಮೊದಲನೆಯದನ್ನು ಹಿಡಿದರೆ ಇಂದ್ರಪದವಿ. ಆಟ ಶುರುಮಾಡುವವನು ಅವನೇ, ಅಮ್ಮ ಕರೆದರೆ ನಿಲ್ಲಿಸುವವನೂ ಅವನೇ. ಎರಡನೆಯದು ಸಿಕ್ಕವನು ಮಾರಿಯೋ ಆಟದಲ್ಲಿ ಲುಯಿಜಿ ಎಂಬ ತಮ್ಮನಾಗಬೇಕು, ಅಣ್ಣ ಸಾಯುವ ತನಕ ಕಾಯಬೇಕು. ನಾನು ಮನೆಯಲ್ಲೂ ಕಿರಿಯವನು, ಅಣ್ಣನ ಅಂಗಿ ತೊಟ್ಟು ಬೆಳೆದವನು. ಗೆಳೆಯನ ಮನೆಗೆ ಹೋದರೆ ಅಲ್ಲೂ ಲುಯಿಜಿ. "ಸಾಯೋ ಬೇಗ" ಎಂದು ಪ್ರಾಣಸ್ನೇಹಿತನಿಗೆ ಮನಃಪೂರ್ವಕವಾಗಿ ಹಾರೈಸಿದ್ದು ಆ ನಡುಮನೆಯಲ್ಲಿ ಮಾತ್ರ.

ಈಗ ಒಂದೊಂದಾಗಿ ಅಭಿಪ್ರಾಯ. ಮಾರಿಯೋ, ಅಂದರೆ 1985ರ 'ಸೂಪರ್ ಮಾರಿಯೋ ಬ್ರದರ್ಸ್': ಉತ್ತಮೋತ್ತಮ. ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಸ್ಟೇಜು, ಜೊತೆಗೆ ಹಾಡು, ಆಮೆ, ಅಣಬೆ, ಎಲ್ಲ ಸೇರಿ ಕ್ಯಾಸೆಟ್ಟಿನಲ್ಲಿ ಅದು ಹಿಡಿದ ಜಾಗ 40 ಕಿಲೋಬೈಟ್. ನಮ್ಮ ಭಾವಮೈದುನ ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ಗುಲಾಬಿ ಹೂವೊಂದೇ ಇದಕ್ಕಿಂತ ಭಾರ. ಜಾಗ ಸಾಲದೆಂದು ಆ ಮಹಾನುಭಾವರು ಆಕಾಶದ ಮೋಡವನ್ನೇ ಹಸಿರು ಬಣ್ಣ ಬಳಿದು ನೆಲದ ಪೊದೆ ಮಾಡಿಬಿಟ್ಟರು. ಎರಡೂ ಒಂದೇ ಚಿತ್ರ, ಬೇಕಾದರೆ ನೋಡಿ. ಮಾರಿಯೋನ ಮೀಸೆಯೂ ಟೋಪಿಯೂ ಶೋಕಿಗಲ್ಲ. ಅಷ್ಟು ಕಡಿಮೆ ಚುಕ್ಕಿಗಳಲ್ಲಿ ಬಾಯಿ, ಕೂದಲು ಬಿಡಿಸುವುದು ಕಷ್ಟವೆಂದು ಅವನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಹೂಡಿದ ಉಪಾಯ. ರಿಮೋಟಿನ ಮೇಲಿನ ಕೂಡಿಸು ಚಿಹ್ನೆಯ ಗುಂಡಿ ರೂಪಿಸಿದ ಗುನ್ಪೆ ಯೊಕೊಯಿ ಎಂಬಾತನಂತೂ, ಹಳತಾಗಿ ಅಗ್ಗವಾದ ಸಾಮಾನಿನಿಂದಲೇ ಹೊಸದೇನಾದರೂ ಯೋಚಿಸಬೇಕು ಎಂಬುದನ್ನೇ ಜೀವನಸಿದ್ಧಾಂತ ಮಾಡಿಕೊಂಡಿದ್ದ. ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡುತ್ತಿದ್ದ ನಮ್ಮಜ್ಜಿಗೆ ಈ ಸಿದ್ಧಾಂತ ಗೊತ್ತಿತ್ತು. ಅವಳಿಗೆ ಕಂಪನಿ ಇರಲಿಲ್ಲ, ಅಷ್ಟೆ.

ಬಡತನದ ಕಲೆಯ ಮಾತು ಬಂದದ್ದಕ್ಕೆ ಸಿರಿತನದ ಕಲೆ ನೆನಪಾಯಿತು, ಸ್ವಲ್ಪ ದಾರಿ ಬಿಡುತ್ತೇನೆ. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಬೇಲೂರಿನ ಸೋದರತ್ತೆಯ ಮನೆಗೆ ಸಾಗಿಸುತ್ತಿದ್ದರು. 'ಆ ಆಟದ ಪೆಟ್ಟಿಗೆಯಿಂದ ಕಣ್ಣು ಹೋಗ್ತದೆ' ಎಂಬುದು ಅಪ್ಪನ ವೈದ್ಯಕೀಯ ಅಭಿಮತ. ಅರಸೀಕೆರೆಯಿಂದ ಬಸ್ಸು ಜಾವಗಲ್ ಹಾದು ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರು ಬೇಲೂರಿಗೆ. ಜಾವಗಲ್ ಬಂದಾಗ ಇಡೀ ಬಸ್ಸಿನ ಹುಡುಗರು ಕಿಟಕಿಗೆ ಮುಖವಿಟ್ಟು, ಶ್ರೀನಾಥ್ ಅಲ್ಲೇ ಎಲ್ಲಾದರೂ ಬಾಲು ಉಜ್ಜುತ್ತಾ ನಿಂತಿರಬಹುದೆಂದು ನೋಡುವುದು ವಾಡಿಕೆ. ಬೇಲೂರಿನಲ್ಲಿ ಅತ್ತೆ ಮನೆಗೆ ನೆಂಟರು ಬಂದಾಗಲೆಲ್ಲ ಚೆನ್ನಕೇಶವನ ಗುಡಿಗೆ ನಾವೇ ಗೈಡು. ಒಬ್ಬ ಮದನಿಕೆಯ ಮೇಲಿನ ಬಳ್ಳಿಯಲ್ಲಿ ಹಣ್ಣು, ಹಣ್ಣಿನ ಮೇಲೊಂದು ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ: ಅದನ್ನು ತೋರಿಸಿದರೆ ನೆಂಟರಿಂದ ಐಸ್‌ಕ್ಯಾಂಡಿಗೆ ಕಾಸು. ಅತ್ತ ಬಾಯಿ ಬಿಡಿಸಲು ಚುಕ್ಕಿ ಸಾಲದ ಮಾರಿಯೋ, ಇತ್ತ ನೊಣದ ರೆಕ್ಕೆಗೂ ಸಾಲುವಷ್ಟು ಬಳಪದ ಕಲ್ಲು. ಎರಡರಲ್ಲಿ ಯಾವುದು ದೊಡ್ಡದೆಂದು ಕೇಳಬೇಡಿ. ಅತ್ತೆ ಇನ್ನೂ ಇದ್ದಾರೆ, ನಾನು ಬೇಲೂರಿಗೆ ಹೋಗಬೇಕು.

ಆದರೆ ಹಳೇಬೀಡಿನಲ್ಲಿ ನನಗೆ ಹೊಳೆದದ್ದನ್ನು ಹೇಳದೆ ಇರಲಾರೆ. ಹೊಯ್ಸಳೇಶ್ವರನ ಗೋಡೆ ನೋಡಿದ್ದೀರಲ್ಲ: ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿಸುರುಳಿ, ಕುದುರೆ ಸವಾರರು, ಮತ್ತೂ ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತದ ಕಥೆ, ಮೇಲೆ ಮಕರ, ಹಂಸ. ನೀವು ನಡೆದಂತೆ ಚಿತ್ರ ಸರಿಯುತ್ತದೆ. ಯುದ್ಧ ಬರುತ್ತದೆ, ರಾಕ್ಷಸ ಬರುತ್ತಾನೆ, ಮೂಲೆ ತಿರುಗಿದರೆ ಹೊಸ ಸ್ಟೇಜು. ಹನ್ನೆರಡನೆಯ ಶತಮಾನದಲ್ಲೇ ನಮ್ಮವರು ಇದನ್ನು ಮಾಡಿ ಮುಗಿಸಿದ್ದರು ಎಂದು ಎದೆಯುಬ್ಬಿಸಿಕೊಂಡು ಹೋಗುತ್ತಿದ್ದೆ. ಆಗ ತೊಡಕೊಂದು ಕಂಡಿತು. ಪ್ರದಕ್ಷಿಣೆಯಲ್ಲಿ ಗುಡಿ ನಮ್ಮ ಬಲಕ್ಕಿರಬೇಕು. ಅಂದರೆ ಗೋಡೆಗೆ ಮುಖ ಮಾಡಿ ನಿಂತವನು ಎಡಕ್ಕೆ ಸಾಗಬೇಕು. ಮಾರಿಯೋ ಹೋಗುವುದು ಬಲಕ್ಕೆ! ಬಲಕ್ಕೇ, ಬಲಕ್ಕೇ, ಸರಿದ ಪರದೆ ಹಿಂದಕ್ಕೆ ಬರುವುದೂ ಇಲ್ಲ. 32 ಸ್ಟೇಜಿನುದ್ದಕ್ಕೂ ಅವನು ಮಾಡಿದ್ದು ಶುದ್ಧ ಅಪ್ರದಕ್ಷಿಣೆ. ಏಳು ಕೋಟೆ ಹೊಕ್ಕರೂ 'ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ' ಎಂಬ ಉತ್ತರ ಅವನಿಗೆ ಯಾಕೆ ಸಿಗುತ್ತದೆಂದು ಅತ್ತೆಗೆ ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ, "ಮತ್ತೆ ಸಿಕ್ತಾಳಾ? ಅವನ ಮನೇಲಿ ಹಿರೀರು ಯಾರೂ ಹೇಳಿಕೊಡ್ಲಿಲ್ವೇನೋ" ಎಂದರು.

ಕಾಂಟ್ರಾ: ಇಬ್ಬರು ಆಡಿದರೆ ಮಾತ್ರ ಯೋಗ್ಯ, ಆದರೆ ಇಬ್ಬರ ಸ್ನೇಹ ಗಟ್ಟಿಯಾಗಿರಬೇಕು. ಜಲಪಾತದ ಸ್ಟೇಜಿನಲ್ಲಿ ಒಬ್ಬ ಬೇಗ ಮೇಲೆ ಹತ್ತಿದರೆ ಪರದೆ ಅವನ ಜೊತೆ ಏರಿ, ಕೆಳಗಿದ್ದವನು ಗುಂಡೇಟಿಲ್ಲದೆ ಸಾಯುತ್ತಾನೆ. ನಮ್ಮ ಬೀದಿಯಲ್ಲಿ ಈ ಜಲಪಾತದಿಂದಾಗಿ ಮಾತು ಬಿಟ್ಟವರಿದ್ದಾರೆ. ಇದರ ಪರಿಹಾರಕ್ಕೊಂದು ದಶಾಕ್ಷರಿ ಮಂತ್ರವಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಆಟ ಶುರುವಾಗುವ ಮುನ್ನ ತಪ್ಪಿಲ್ಲದೆ ಒತ್ತಿದವನಿಗೆ 30 ಲೈಫು. ಈ ಮಂತ್ರದ ಋಷಿ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ 'ಗ್ರೇಡಿಯಸ್' ಆಟವನ್ನು ಫ್ಯಾಮಿಕಾಮಿಗೆ ಇಳಿಸುವಾಗ, ತನ್ನ ಆಟ ತನಗೇ ಕಷ್ಟವಾಗಿ, ಪರೀಕ್ಷಿಸಲು ಅನುಕೂಲವಾಗಲೆಂದು ಅಡಗಿಸಿಟ್ಟದ್ದು ಹಾಗೇ ಉಳಿದುಬಿಟ್ಟಿತು. ಅರಸೀಕೆರೆಯಲ್ಲಿ ಇಂಟರ್‌ನೆಟ್ಟಿನ ಹೆಸರೂ ಇಲ್ಲದ ಕಾಲದಲ್ಲಿ ಅದು ನಮ್ಮ ತನಕ ಹೇಗೆ ಬಂತು? ಯಾರದೋ ದೊಡ್ಡಮ್ಮನ ಮಗ ಮೈಸೂರಿನಿಂದ ತಂದ. ಕಿವಿಯಲ್ಲಿ ಉಪದೇಶಿಸಿದ, ಗುರುದಕ್ಷಿಣೆಯಾಗಿ ಎರಡು ಚಾನ್ಸ್ ಪಡೆದ. 2020ರಲ್ಲಿ ಹಶಿಮೊಟೊ ತೀರಿಕೊಂಡಾಗ ಜಗತ್ತಿನಾದ್ಯಂತ ಮಧ್ಯವಯಸ್ಕ ಗಂಡಸರು ಆ ಹತ್ತಕ್ಷರ ಬರೆದು ಶ್ರದ್ಧಾಂಜಲಿ ಸಲ್ಲಿಸಿದರು.

ಡಕ್ ಹಂಟ್: ಬಂದೂಕು ಚೆನ್ನ, ನಾಯಿ ಸಹಿಸಲಸಾಧ್ಯ. ಕುದುರೆ ಒತ್ತಿದ ಕ್ಷಣ ಪರದೆ ಕಣ್ಣಿಗೆ ಕಾಣದಷ್ಟು ಹೊತ್ತು ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕವೊಂದು ಮಿಂಚುತ್ತದೆ. ಬಂದೂಕಿನ ತುದಿಯ ಕಣ್ಣು ಆ ಬೆಳಕು ಕಂಡರೆ ಹಕ್ಕಿ ಸತ್ತಂತೆ. ಬಲ್ಬಿಗೆ ಗುರಿಯಿಟ್ಟು ಗೆಲ್ಲೋಣವೆಂದರೆ ಮೊದಲು ಕತ್ತಲು ಕಂಡಿತೇ ಎಂದು ಅದು ಪರೀಕ್ಷಿಸುವುದರಿಂದ ಆಗದು. ಇಷ್ಟು ಬುದ್ಧಿವಂತ ಆಟ ಇಂದಿನ ತೆಳು ಟಿವಿಗಳಲ್ಲಿ ನಡೆಯುವುದಿಲ್ಲ. ಅದಕ್ಕೆ ಹಳೇ ಡುಬ್ಬ ಟಿವಿಯೇ ಬೇಕು. ಗುರಿ ತಪ್ಪಿದಾಗ ನಗುವ ಆ ನಾಯಿಗೆ ನಮ್ಮ ತಾಲ್ಲೂಕಿನಲ್ಲಿ ಹೊಡೆಯದ ಹುಡುಗನಿಲ್ಲ. ಅದು ಮಾತ್ರ ಸಾಯಲಿಲ್ಲ.

ಟ್ಯಾಂಕಿನ ಆಟ, ಅಂದರೆ ಬ್ಯಾಟಲ್ ಸಿಟಿ: ನನ್ನ ಪರಮಪ್ರಿಯ. ಇಟ್ಟಿಗೆ ಗೋಡೆಯೊಳಗಿನ ಹದ್ದನ್ನು ಕಾಯಬೇಕು. ನಿಮಗೆಷ್ಟೇ ಲೈಫು ಉಳಿದಿರಲಿ, ಹದ್ದು ಹೋಯಿತೆಂದರೆ ಆಟ ಮುಗಿಯಿತು. ಹೊಯ್ಸಳೇಶ್ವರನ ಪಕ್ಕದಲ್ಲೇ ಒಂದು ಗರುಡಗಂಬವಿದೆ. ಎರಡನೆಯ ವೀರಬಲ್ಲಾಳ ತೀರಿಕೊಂಡಾಗ, ದೊರೆಯ ನಂತರ ಬದುಕಲಾರೆನೆಂದು ಪ್ರಾಣ ಕೊಟ್ಟ ಅವನ ಅಂಗರಕ್ಷಕ ಕುವರ ಲಕ್ಷ್ಮನ ಸ್ಮಾರಕ. ಇಂಥ ವೀರರಿಗೆ ಗರುಡರೆಂದೇ ಹೆಸರು. ಚರಿತ್ರೆಯ ಮೇಷ್ಟ್ರು ಈ ಪಾಠ ಮಾಡಿದ ದಿನ ಇಡೀ ತರಗತಿ ಆಕಳಿಸುತ್ತಿರುವಾಗ ಹಿಂದಿನ ಬೆಂಚಿನ ನಾವು ಮೂವರು ಮಾತ್ರ ವಿಷಯವನ್ನು ಸಾಂಗವಾಗಿ ಗ್ರಹಿಸಿದೆವು.

ಸರ್ಕಸ್ ಚಾರ್ಲಿ: ಸಿಂಹಕ್ಕಾಗಿ ಮರುಕ. ಬಾಂಬರ್‌ಮ್ಯಾನ್: ತಾನಿಟ್ಟ ಬಾಂಬಿಗೆ ತಾನೇ ಸಿಕ್ಕಿಬೀಳುವವರಿಗೆ ಶಿಫಾರಸು. ಎಕ್ಸೈಟ್‌ಬೈಕ್: ನಮ್ಮದೇ ರಸ್ತೆ ಹಾಕಿಕೊಳ್ಳಬಹುದು, ಅದರ ಗುಂಡಿ ದಿಣ್ಣೆಗಳಿಗೆ ನಮಗೆ ಮಾದರಿಯ ಕೊರತೆಯಿರಲಿಲ್ಲ; ಸೇವ್ ಎಂಬ ಆಯ್ಕೆ ಕಾಣುತ್ತಿತ್ತು, ಆದರೆ ಜಪಾನಿನಲ್ಲಿ ಮಾರುತ್ತಿದ್ದ ಬೇರೊಂದು ಯಂತ್ರವಿಲ್ಲದೆ ಅದು ಕೆಲಸ ಮಾಡದು.

ಹೀಗೆ ಎಲ್ಲ ಹೊಗಳಿದ ಮೇಲೆ ಒಂದು ಸತ್ಯ ಹೇಳಿಬಿಡುತ್ತೇನೆ. ಅಕ್ಕನ ಮಗ ಕೊಟ್ಟ ಪೆಟ್ಟಿಗೆಯಲ್ಲಿ ಒಬ್ಬನೇ ಕೂತು ಆಡಿದರೆ ಇವುಗಳಲ್ಲಿ ಬಹಳಷ್ಟು ಅರ್ಧ ಗಂಟೆಗೆ ಬೇಸರ ಬರುತ್ತವೆ. ಆಟ ಚಿಕ್ಕದು, ಬೇಗ ಮುಗಿಯದಿರಲೆಂದು ಕಷ್ಟ ತುಂಬಿದ್ದಾರೆ. ನಾಣ್ಯ ನುಂಗುವ ಅಂಗಡಿ ಯಂತ್ರಗಳಿಂದ ಬಂದ ಚಾಳಿ ಅದು. ಈಗ ಬೇಕಾದಲ್ಲಿ ಸೇವ್ ಮಾಡಿ ಸತ್ತಲ್ಲಿಂದಲೇ ಏಳಬಹುದಾದ್ದರಿಂದ ಆ ಕಷ್ಟವೂ ಇಲ್ಲ. ಅಂದು ಇದೇ ಆಟ ರುಚಿಸಿದ್ದು ಬೆನ್ನ ಹಿಂದಿದ್ದ ಗುಂಪಿನಿಂದ. ಆಡುವವನು ಒಬ್ಬ, 'ಹಾರ್ಲಾ, ಹಾರ್ಲಾ, ಅಯ್ಯೋ ಹಾರೋದಲ್ವೇನ್ಲಾ' ಎನ್ನುವವರು ಹತ್ತು ಜನ. ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದ ಗೆಳೆಯನ ಅಪ್ಪನೂ ತಟ್ಟೆ ಹಿಡಿದು ನಿಂತು ಮಾರ್ಗದರ್ಶನ ಮಾಡುವವರೇ. ಕೊನೆಯ ಕೋಟೆಯಲ್ಲಿ ಕರೆಂಟು ಹೋದರೆ ಎದ್ದ ಸಾಮೂಹಿಕ ಆರ್ತನಾದಕ್ಕೆ ರೈಲಿನ ಸೀಟಿಯೂ ಅಡಗುತ್ತಿತ್ತು. ಆಟಕ್ಕೆ ಪ್ರೇಕ್ಷಕ ಬೇಕು. ಗೆದ್ದವನಿಗೆ ಜಂಬ ಕೊಚ್ಚಲು ಎದುರಿಗೆ ಒಂದು ಹೊಟ್ಟೆಯುರಿಯುವ ಮುಖ ಬೇಕು.

ಇದು ನಮ್ಮ ರೂವಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಮಗ ಚಾವಣ ಬರೀ ಹೆಸರು ಕೆತ್ತಿ ಸುಮ್ಮನಾಗಲಿಲ್ಲ. ಬಿರುದು ಹೊತ್ತ ಎದುರಾಳಿ ಶಿಲ್ಪಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಮಹೇಶ್ವರ ಎಂದು ಹಾಕಿಸಿಕೊಂಡ. 1196ರ ಅಮೃತಾಪುರದಲ್ಲಿ ಕಾಣಿಸುವ ಮಲ್ಲಿತಮ್ಮನ ಹೆಸರು 1258ರ ಸೋಮನಾಥಪುರದಲ್ಲೂ ಸಿಗುತ್ತದೆ. ಕೆಲವು ಕಡೆ ಅದು 'ಮಲ್ಲಿ', ಇನ್ನು ಕೆಲವು ಕಡೆ ಬರೀ 'ಮ'. ಅದಕ್ಕೆ ಹೋಲಿಸಿದರೆ ಮಾರಿಯೋ ಆಟದ ಕೊನೆಯಲ್ಲಿ ಮಾಡಿದವರ ಹೆಸರೇ ಇಲ್ಲ. ಆ ಕಾಲದ ಎಷ್ಟೋ ಜಪಾನಿ ಕಂಪನಿಗಳು, ಬೇರೆಯವರು ಹಾರಿಸಿಕೊಂಡು ಹೋದಾರೆಂದು, ತಮ್ಮ ಜನಕ್ಕೆ ಅಡ್ಡಹೆಸರು ಹಾಕಿಸುತ್ತಿದ್ದವು. ನಮ್ಮ ದಾಖಲೆಗಳಂತೂ ಸ್ವಿಚ್ ಆಫ್ ಆದೊಡನೆ ಕೈಲಾಸ ಸೇರಿದವು.

ಮೊನ್ನೆ ಮಾತ್ರ 1981ರ ಗಲಾಗಾ ಎಂಬ ಆಟದಲ್ಲಿ ನಾನು ಮೇಲಿನ ಸಾಲಿಗೆ ಏರಿದೆ. ಹೆಸರು ಹಾಕು ಎಂದಿತು. ಬರೀ ಮೂರು ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಮದನ ಮಹೇಶ್ವರ ಎಂದು ಹಾಕಲು ಜಾಗವೆಲ್ಲಿ? ಇನಿಶಿಯಲ್ಲು ಹಾಕಿದೆ. ಅಡುಗೆಮನೆಗೆ ಕೂಗಿ ಹೇಳಿದೆ, ಮಿಕ್ಸಿ ಶುರುವಾಯಿತು. ಅದಕ್ಕೇ ನಿಮ್ಮನ್ನು ಕೂರಿಸಿಕೊಂಡದ್ದು. ಕಾಫಿ ಕುಡಿದಾಯಿತಲ್ಲ, ಒಳಗೆ ಬನ್ನಿ, ಒಂದು ಕೈ ಆಡೇಬಿಡೋಣ. ಮೊದಲ ಚಾನ್ಸು ನನ್ನದು. ನೀವು ಲುಯಿಜಿ.