ಸೇವಾ ಶಿಬಿರದ ಮೊದಲ ದಿನಗಳು

ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಕಾಲೇಜಿನ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರಕ್ಕಾಗಿ ಹಳ್ಳಿಯಲ್ಲಿ ತಂಗಬೇಕು. ಶಿಬಿರದ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಆತಂಕ ಮೂಡುತ್ತದೆ. ಮಕ್ಕಳ ನಮಾಝ್ ತಪ್ಪುವುದೇ? ಊಟದ ಗತಿಯೇನು?

ಮದ್ರಸದ ಕಲಿಕೆ ಮುಗಿಸಿ ಬಿ.ಎ. ಕನ್ನಡ ಓದುತ್ತಿದ್ದಾಗ ನಾವೂ ಬಿಳಿಚೋಡು ಸಮೀಪದ ಹಳ್ಳಿಯೊಂದರ ಶಾಲೆಯಲ್ಲಿ ಹೀಗೆ ತಂಗಿದ್ದೆವು. ಮೊದಲೆರಡು ದಿನ ಎಲ್ಲವೂ ಅಪರಿಚಿತ. ನೆಲದ ಮೇಲಿನ ಚಾಪೆ, ಸ್ನಾನದ ಸರದಿ, ಹೊಸ ಮುಖಗಳು. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಕೊರತೆಯಿದ್ದದ್ದು ನೀರಿಗೆ. ಜಗಳೂರು ಸೀಮೆ ಬರಕ್ಕೆ ಹೆಸರಾದುದು. ಹರಿಯುವ ನದಿಯ ದಡದಲ್ಲಿಯೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ಗ್ರಂಥದಲ್ಲಿ ಓದಿದ್ದೆವು. ಒಂದೇ ತಂಬಿಗೆಯಲ್ಲಿ ವುಝೂ ಮುಗಿಸುವಾಗ ಅದರ ಅರ್ಥ ಮನಸ್ಸಿಗಿಳಿಯಿತು.

ಮೂರನೆಯ ದಿನ ಚರಂಡಿಯ ಹೂಳೆತ್ತುತ್ತಿದ್ದೆವು. ಎದುರು ಮನೆಯ ಅಜ್ಜಿ ದೂರದಿಂದ ಹೊತ್ತು ತಂದಿದ್ದ ಕೊಡವನ್ನು ನಮ್ಮ ಮುಂದಿಟ್ಟು, "ಕೈಕಾಲು ತೊಳ್ಕಳಪ್ಪ, ನಿಮ್ಮ ನಮಾಜಿನ ಹೊತ್ತಾತು" ಎಂದರು. ದಾರಿಯ ತೊಡಕನ್ನು ಸರಿಸುವುದು ಈಮಾನಿನ ಒಂದು ಶಾಖೆ. ಆ ಈಮಾನನ್ನು ಊರವರು ಗುರುತಿಸಿದ್ದು ನಮ್ಮ ಭಾಷಣದಿಂದಲ್ಲ, ಗುದ್ದಲಿಯಿಂದ.

ಹೆತ್ತವರೇ, ಮಕ್ಕಳನ್ನು ಕಳುಹಿಸುವ ಮುನ್ನ ಕಾರ್ಯಕ್ರಮಾಧಿಕಾರಿಗಳಿಗೆ ನಮಾಝ್‌ನ ವೇಳೆಯನ್ನು ತಿಳಿಸಿರಿ. ಹೆಣ್ಣುಮಕ್ಕಳ ವಸತಿಯನ್ನು ವಿಚಾರಿಸಿರಿ. ಎರಡು ದಿನಗಳ ಬೇಸರಕ್ಕೆ ಅಂಜಿ ಮಕ್ಕಳನ್ನು ಹಿಂದಕ್ಕೆ ಕರೆಯಬೇಡಿರಿ. ಯೋಜನೆಯ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ನಮ್ಮ ಮಕ್ಕಳಿಗೆ ಅದು ಹೊಸ ಪಾಠವಲ್ಲ.

ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ. ಆಮೀನ್.